ಯೋಸೆಫ್ ಮಾಸೊಪುಸ್ತ್: ಆಟದಿಂದ ಪಾಠಕ್ಕೆ

ಫುಟ್‌ಬಾಲ್ ಪಂದ್ಯವನ್ನು ನೋಡಲು ಕುಳಿತವರ ಕಣ್ಣು ಚೆಂಡಿನ ಬೆನ್ನು ಹತ್ತಿ ಓಡುತ್ತದೆ. ಚೆಂಡು ಬಲೆಯೊಳಗೆ ಬಿದ್ದಾಗ ಎಲ್ಲರ ಬಾಯಲ್ಲೂ ಗೋಲು ಹೊಡೆದವನ ಹೆಸರೇ ಹೆಸರು. ಆ ಚೆಂಡು ಅವನ ಕಾಲಿಗೆ ಬಂದುದು ಹೇಗೆ, ಅದನ್ನು ಎದುರಾಳಿಯಿಂದ ಕಸಿದವರು ಯಾರು, ಕಸಿದವನು ತಾನೇ ಮುಂದೊಯ್ಯುವ ಆಸೆಯನ್ನು ತಡೆದು ತಕ್ಕ ಗಳಿಗೆಯಲ್ಲಿ ತಕ್ಕವನಿಗೆ ಅದನ್ನು ದಾಟಿಸಿದುದು ಹೇಗೆ ಎಂಬುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ. ಮನೆ ಕಟ್ಟಿದಾಗ ಜನರು ನೋಡುವುದು ಮುಂಬಾಗಿಲ ಕೆತ್ತನೆಯನ್ನು. ತಳಪಾಯದ ಕಲ್ಲನ್ನು ಹೊಗಳುವ ರೂಢಿ ಎಲ್ಲಿಯೂ ಇಲ್ಲ. ಅಂತಹ ತಳಪಾಯದ ಕೆಲಸವನ್ನೇ ಜೀವನವಿಡೀ ಮಾಡಿ, ಅದರಿಂದಲೇ ಯುರೋಪಿನ ಅತ್ಯುತ್ತಮ ಆಟಗಾರನೆಂಬ ಗೌರವವನ್ನು ಪಡೆದು, ಅನಂತರ ತಾನು ಬಲ್ಲ ವಿದ್ಯೆಯನ್ನು ಇತರರಿಗೆ ಕಲಿಸಲು ಹೊರಟ ಒಬ್ಬ ಚೆಕ್ ಆಟಗಾರನ ಬಾಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆತನ ಹೆಸರು ಯೋಸೆಫ್ ಮಾಸೊಪುಸ್ತ್.

ನಮ್ಮ ಕಾಲೇಜಿನ ಸಂಚಿಕೆಯಲ್ಲಿ ದೂರದೇಶದ ಆಟಗಾರನೊಬ್ಬನ ವಿಚಾರವೇಕೆ ಎಂದು ಯಾರಾದರೂ ಕೇಳಬಹುದು. ಈತನ ಜೀವನವು ನಮ್ಮ ಮುಂದೆ ಒಂದು ಪ್ರಶ್ನೆಯನ್ನು ಇಡುತ್ತದೆ. ಒಂದು ವಿದ್ಯೆಯನ್ನು ಚೆನ್ನಾಗಿ ಬಲ್ಲವನು ಅದನ್ನು ಚೆನ್ನಾಗಿ ಕಲಿಸಬಲ್ಲನೆ? ಕೊನೆಯ ವರ್ಷದ ಬಿ.ಎ. ತರಗತಿಯಲ್ಲಿ ಕುಳಿತಿರುವ ನಮ್ಮಲ್ಲಿ ಅನೇಕರು ನಾಳೆ ಉಪಾಧ್ಯಾಯರಾಗುವವರು. ನಮ್ಮ ಮನೆಗಳಲ್ಲಿ ಪದವಿಯ ತರಗತಿಯವರೆಗೆ ಬಂದವರು ನಾವೇ ಮೊದಲಿಗರೆಂಬುದು ಎಷ್ಟೋ ಜನರ ಮಟ್ಟಿಗೆ ನಿಜ. ಈ ಲೇಖಕನ ಮಟ್ಟಿಗಂತೂ ನಿಜ. ಕಲಿತುದನ್ನು ಮುಂದಕ್ಕೆ ದಾಟಿಸುವುದು ಹೇಗೆಂಬ ಚಿಂತೆ ಅಂಥವರಿಗೆ ಉಳಿದವರಿಗಿಂತ ಒಂದು ತೂಕ ಹೆಚ್ಚು. ಆದಕಾರಣ ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದುವರಿಯೋಣ.

ಮಾಸೊಪುಸ್ತ್ ಹುಟ್ಟಿದುದು 1931ನೆಯ ಇಸವಿ ಫೆಬ್ರವರಿ 9ರಂದು, ಉತ್ತರ ಬೊಹೀಮಿಯಾದ ಮೊಸ್ತ್ ಪಟ್ಟಣದ ಬಳಿಯ ಸ್ತ್ರಿಮಿತ್ಸೆ ಎಂಬ ಹಳ್ಳಿಯಲ್ಲಿ. ಬೊಹೀಮಿಯಾ ಆಗ ಚೆಕೊಸ್ಲೊವಾಕಿಯಾ ದೇಶದ ಪಶ್ಚಿಮ ಭಾಗ. 1993ರ ಜನವರಿ 1ರಂದು ಆ ದೇಶವು ಚೆಕ್ ಗಣರಾಜ್ಯ ಮತ್ತು ಸ್ಲೊವಾಕಿಯಾ ಎಂದು ಎರಡಾದ ಮೇಲೆ ಅದು ಚೆಕ್ ಗಣರಾಜ್ಯಕ್ಕೆ ಸೇರಿತು. 'ಮೊಸ್ತ್' ಎಂದರೆ ಚೆಕ್ ಭಾಷೆಯಲ್ಲಿ ಸೇತುವೆ. 'ಮಾಸೊಪುಸ್ತ್' ಎಂದರೆ ಕ್ರೈಸ್ತರ ದೀರ್ಘ ಉಪವಾಸಕ್ಕೆ ಮುಂಚೆ ಬರುವ, ಉಂಡು ತಿಂದು ಕುಣಿದಾಡುವ ಹಬ್ಬ. ಹೆಸರು ಹಬ್ಬದ್ದಾದರೂ ಬಾಲ್ಯವು ಹಬ್ಬದ್ದಾಗಿರಲಿಲ್ಲ. ತಂದೆ ಗಣಿಯಲ್ಲಿ ದುಡಿಯುವವನು. ಮೊಸ್ತ್ ಸುತ್ತಣ ನೆಲದಡಿಯಲ್ಲಿ ಕಂದು ಕಲ್ಲಿದ್ದಲಿನ ದಪ್ಪನೆಯ ಪದರಗಳಿದ್ದುವು; ಆ ಸೀಮೆಯ ಜನರ ಅನ್ನವೂ ಅದೇ, ಧೂಳೂ ಅದೇ. ಬಾಲಕನಿಗೆ ಏಳು ವರ್ಷವಾಗಿದ್ದಾಗ, ಅಂದರೆ 1938ರಲ್ಲಿ, ಮ್ಯೂನಿಕ್ ಒಪ್ಪಂದದ ಫಲವಾಗಿ ಆ ಗಡಿನಾಡು ಹಿಟ್ಲರನ ಜರ್ಮನಿಯ ವಶವಾಯಿತು. ಯುದ್ಧ ಮುಗಿದು ಚೆಕ್ಕರಿಗೆ ಬಿಡುಗಡೆ ದೊರೆತಾಗ ಆತನಿಗೆ ಹದಿನಾಲ್ಕು ವರ್ಷ.

ಆ ಹಳ್ಳಿ ಈಗ ಇಲ್ಲ. ಕಲ್ಲಿದ್ದಲನ್ನು ತೆಗೆಯುವುದಕ್ಕಾಗಿ ನೆಲವನ್ನು ಅಗೆಯುತ್ತ ಬಂದ ಗಣಿಯು ಊರನ್ನೇ ನುಂಗಿತು. ಹಳೆಯ ಮೊಸ್ತ್ ಪಟ್ಟಣವನ್ನು ಸಹ ಇದೇ ಕಾರಣಕ್ಕಾಗಿ ಕೆಡವಿದರು. ಅಲ್ಲಿನ ಪುರಾತನ ಚರ್ಚೊಂದನ್ನು ಮಾತ್ರ ಉಳಿಸಬೇಕೆಂದು 1975ರಲ್ಲಿ ಇಡೀ ಕಟ್ಟಡವನ್ನು ಹಳಿಗಳ ಮೇಲೆ ಇರಿಸಿ 841 ಮೀಟರ್ ದೂರಕ್ಕೆ ಸಾಗಿಸಿದುದು ಎಂಜಿನಿಯರುಗಳು ಈಗಲೂ ನೆನೆಯುವ ಸಾಹಸ. ಹುಟ್ಟೂರಿನ ಗುರುತೇ ಅಳಿಸಿಹೋದ ಹುಡುಗನ ಹೆಸರು ಮಾತ್ರ ಭೂಮಂಡಲದಲ್ಲೆಲ್ಲ ಹರಡಿತು. ಇಂದಿನ ಮೊಸ್ತ್ ಪಟ್ಟಣದ ಫುಟ್‌ಬಾಲ್ ಮೈದಾನಕ್ಕೆ ಆತನ ಹೆಸರನ್ನೇ ಇಟ್ಟಿದ್ದಾರೆ.

ಮಾಸೊಪುಸ್ತ್ ಆಟವನ್ನು ಆರಂಭಿಸಿದುದು ಊರ ಬಳಿಯ ಬಾನೀಕ್ ಮೊಸ್ತ್ ಎಂಬ ಗಣಿಗಾರರ ಕ್ಲಬ್ಬಿನಲ್ಲಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1950ರಲ್ಲಿ, ನೆರೆಯ ತೆಪ್ಲಿತ್ಸೆ ಪಟ್ಟಣದ ತಂಡವನ್ನು ಸೇರಿ ದೇಶದ ಮೊದಲ ದರ್ಜೆಯ ಲೀಗಿಗೆ ಕಾಲಿಟ್ಟನು. ಎರಡು ವರ್ಷಗಳ ತರುವಾಯ ಕಡ್ಡಾಯ ಸೈನ್ಯಸೇವೆಯ ಕರೆ ಬಂದಿತು. ಆ ದೇಶದಲ್ಲಿ ಸೈನ್ಯಕ್ಕೆ ತನ್ನದೇ ಆದ ಕ್ರೀಡಾಸಂಸ್ಥೆಯಿತ್ತು; ಚೆನ್ನಾಗಿ ಆಡುವ ತರುಣರು ಸೇವೆಯ ಅವಧಿಯಲ್ಲಿ ಅದರ ತಂಡದಲ್ಲಿ ಆಡುತ್ತಿದ್ದರು. ಪ್ರಾಗ್ ನಗರದ ಈ ಸೈನ್ಯತಂಡದ ಹೆಸರು ಎರಡು ಸಲ ಬದಲಾಗಿ, 1956ರಲ್ಲಿ 'ಡೂಕ್ಲಾ ಪ್ರಾಗ್' ಎಂದಾಯಿತು. 1944ರಲ್ಲಿ ಸೋವಿಯತ್ ಮತ್ತು ಚೆಕೊಸ್ಲೊವಾಕ್ ಸೈನಿಕರು ಜರ್ಮನ್ನರೊಡನೆ ಹೋರಾಡಿ ಅಪಾರ ಸಂಖ್ಯೆಯಲ್ಲಿ ಮಡಿದ ಡೂಕ್ಲಾ ಕಣಿವೆಯ ನೆನಪಿಗೆ ಇಟ್ಟ ಹೆಸರದು. ಮಾಸೊಪುಸ್ತ್ ಈ ತಂಡದಲ್ಲಿ 1952ರಿಂದ 1968ರವರೆಗೆ ನಿಂತನು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಡೂಕ್ಲಾ ಗೆದ್ದಿತು, ಆದರೆ ಜನರ ಪ್ರೀತಿಯನ್ನು ಗೆಲ್ಲಲಿಲ್ಲ. ಪ್ರಾಗಿನ ಜನ ಸ್ಪಾರ್ತಾ, ಸ್ಲಾವಿಯಾ ಎಂಬ ಹಳೆಯ ಕ್ಲಬ್ಬುಗಳನ್ನು ತಮ್ಮದೆಂದು ಭಾವಿಸಿದ್ದರು. 1948ರಲ್ಲಿ ಅಧಿಕಾರಕ್ಕೆ ಬಂದ ಕಮ್ಯೂನಿಸ್ಟ್ ಸರಕಾರದ ಸೈನ್ಯತಂಡವು ಊರೂರಿನ ಒಳ್ಳೆಯ ಆಟಗಾರರನ್ನು ಸೇವೆಯ ಹೆಸರಿನಲ್ಲಿ ಸೆಳೆದುಕೊಳ್ಳುತ್ತಿದ್ದುದು ಅವರಿಗೆ ಹಿಡಿಸಲಿಲ್ಲ. ಚಾಂಪಿಯನ್ ತಂಡವು ಆಡುವಾಗಲೂ ಪ್ರೇಕ್ಷಕರ ಸಾಲುಗಳು ಖಾಲಿ ಕಾಣುತ್ತಿದ್ದುವು. ಡೂಕ್ಲಾದ ಗೆಲುವಿನಲ್ಲಿ ಸರಕಾರದ ಅನುಕೂಲದ ಪಾಲು ಇದ್ದಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅನುಕೂಲವು ಅವಕಾಶವನ್ನು ಕೊಡಬಹುದೇ ಹೊರತು ಆಟವನ್ನು ಕೊಡಲಾರದು. ಅದೇ ಅನುಕೂಲವಿದ್ದವರು ಹಲವರು. ಮಾಸೊಪುಸ್ತ್ ಆದವನು ಒಬ್ಬನೆ. 1953, 1956, 1958, 1961, 1962, 1963, 1964, 1966 — ಹೀಗೆ ಎಂಟು ಸಲ ಆತನ ತಂಡ ಲೀಗ್ ಪ್ರಶಸ್ತಿಯನ್ನು ಪಡೆಯಿತು. ದೇಶದ ಕಪ್ ಮೂರು ಸಲ ದೊರೆಯಿತು. ಮೊದಲ ದರ್ಜೆಯ ಲೀಗಿನಲ್ಲಿ ಆತನು ಆಡಿದ ಪಂದ್ಯಗಳು 386, ಹೊಡೆದ ಗೋಲುಗಳು 79.

ಇನ್ನು ಈತನ ಆಟದ ಸ್ವರೂಪವನ್ನು ನೋಡೋಣ. ಫುಟ್‌ಬಾಲ್ ಮೈದಾನದ ಉದ್ದ ಸುಮಾರು ನೂರು ಮೀಟರಿಗಿಂತ ತುಸು ಹೆಚ್ಚು. ಆಟದ ಅವಧಿ ತೊಂಬತ್ತು ನಿಮಿಷ. ಹಿಂದಿನ ಸಾಲಿನವರದು ತಡೆಯುವ ಕೆಲಸ, ಮುಂದಿನ ಸಾಲಿನವರದು ಹೊಡೆಯುವ ಕೆಲಸ. ಇವೆರಡರ ನಡುವಣ ಬಯಲನ್ನು ಕಾಯುವವನನ್ನು ಅಂದು ಹಾಫ್‌ಬ್ಯಾಕ್ ಎನ್ನುತ್ತಿದ್ದರು. ಇಂದು ಮಿಡ್‌ಫೀಲ್ಡರ್ ಎನ್ನುತ್ತಾರೆ. 'ನಡುಗಣದ ಆಟಗಾರ' ಎಂದು ನಾವು ಕರೆಯಬಹುದು. ಎದುರಾಳಿಗಳು ನುಗ್ಗಿದಾಗ ಇವನು ಹಿಂದಕ್ಕೋಡಿ ತಡೆಯಬೇಕು. ಚೆಂಡು ಸಿಕ್ಕೊಡನೆ ಮುಂದಕ್ಕೋಡಿ ದಾಳಿಗೆ ದಾರಿ ಮಾಡಬೇಕು. ಎರಡು ಕೆಲಸ, ಒಂದೇ ಜೊತೆ ಕಾಲು. 1958ರಲ್ಲಿ ಬ್ರೆಜಿಲ್ ತಂಡವು ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು ಎಂಬ ವ್ಯೂಹದಿಂದ ವಿಶ್ವ ಕಪ್ ಗೆದ್ದ ಮೇಲೆ ಈ ಪದ್ಧತಿ ಎಲ್ಲೆಡೆ ಹರಡಿತು. ಆಗ ನಡುವಣ ಇಬ್ಬರ ಹೊಣೆ ಇನ್ನೂ ಭಾರವಾಯಿತು.

ಈ ಕೆಲಸಕ್ಕೆ ಮುಖ್ಯವಾಗಿ ಮೂರು ಗುಣಗಳು ಬೇಕು. ಮೊದಲನೆಯದು ದಣಿಯದ ದೇಹ. ಎರಡನೆಯದು ಚೆಂಡು ಕಾಲಿಗೆ ಬರುವ ಮುನ್ನವೇ ಯಾರು ಎಲ್ಲಿದ್ದಾರೆಂದು ಕಂಡುಕೊಳ್ಳುವ ಕಣ್ಣು. ಮೂರನೆಯದು ಚೆಂಡನ್ನು ಬಿಟ್ಟುಕೊಡುವ ಮನಸ್ಸು. ಮಾಸೊಪುಸ್ತನಲ್ಲಿ ಈ ಮೂರೂ ಇದ್ದುವು. ಇವುಗಳ ಮೇಲೆ ಆತನದೇ ಆದ ಒಂದು ಕೌಶಲವೂ ಇದ್ದಿತು. ಹಿಮದ ಇಳಿಜಾರಿನಲ್ಲಿ ನೆಟ್ಟ ಕಂಬಗಳ ನಡುವೆ ಅಂಕುಡೊಂಕಾಗಿ ಜಾರುವ ಆಟಕ್ಕೆ 'ಸ್ಲಾಲಮ್' ಎಂದು ಹೆಸರು. ಎದುರಾಳಿಗಳ ನಡುವೆ ಚೆಂಡನ್ನು ಎಡಕ್ಕೂ ಬಲಕ್ಕೂ ಮರಳಿಸುತ್ತ, ಮೈಯನ್ನು ಬಾಗಿಸುತ್ತ, ಆತನು ನುಸುಳಿಹೋಗುತ್ತಿದ್ದ ರೀತಿಗೆ ಚೆಕ್ ಜನರು 'ಮಾಸೊಪುಸ್ತನ ಸ್ಲಾಲಮ್' ಎಂದೇ ಕರೆದರು. ಆದರೂ ಅದನ್ನು ಆತನು ಬೆರಗುಗೊಳಿಸುವುದಕ್ಕಾಗಿ ಬಳಸಲಿಲ್ಲ. ಮೂವರನ್ನು ತನ್ನ ಕಡೆಗೆ ಸೆಳೆದು, ತೆರವಾದ ಜಾಗದಲ್ಲಿದ್ದ ಜೊತೆಗಾರನಿಗೆ ಚೆಂಡನ್ನು ಕೊಡುವುದಕ್ಕಾಗಿ ಬಳಸಿದನು. ಡೂಕ್ಲಾದಲ್ಲಿಯೂ ದೇಶದ ತಂಡದಲ್ಲಿಯೂ ಆತನ ನೆರೆಯಲ್ಲಿ ದೀರ್ಘಕಾಲ ಆಡಿದವನು ಸ್ವಾತೊಪ್ಲುಕ್ ಪ್ಲುಸ್ಕಾಲ್. ಇವನ ಊರು ಝ್ಲೀನ್. ನಮ್ಮ ಪೇಟೆಗಳಲ್ಲಿಯೂ ಮಾರಾಟವಾಗುವ ಬಾಟಾ ಪಾದರಕ್ಷೆಗಳ ಮೂಲಸ್ಥಾನವದು.

ದೇಶದ ಪರವಾಗಿ ಮಾಸೊಪುಸ್ತ್ 1954ರಿಂದ 1966ರವರೆಗೆ 63 ಪಂದ್ಯಗಳನ್ನಾಡಿ 10 ಗೋಲುಗಳನ್ನು ಹೊಡೆದನು. 1958ರಲ್ಲಿ ಸ್ವೀಡನ್ನಿನಲ್ಲಿ ನಡೆದ ವಿಶ್ವ ಕಪ್ಪಿನಲ್ಲಿ ಆತನ ತಂಡ ಅರ್ಜೆಂಟೀನಾವನ್ನು 6–1ರಿಂದ ಸೋಲಿಸಿಯೂ ಮೊದಲ ಸುತ್ತನ್ನು ದಾಟಲಿಲ್ಲ. 1960ರಲ್ಲಿ ಫ್ರಾನ್ಸಿನಲ್ಲಿ ನಡೆದ ಮೊತ್ತಮೊದಲ ಯುರೋಪಿಯನ್ ರಾಷ್ಟ್ರಗಳ ಕಪ್ಪಿನಲ್ಲಿ ಮೂರನೆಯ ಸ್ಥಾನ ದೊರೆಯಿತು. ಆದರೆ ಆತನ ಹೆಸರನ್ನು ಶಾಶ್ವತಗೊಳಿಸಿದುದು 1962ನೆಯ ವರ್ಷ.

ಆ ವರ್ಷ ವಿಶ್ವ ಕಪ್ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ನಡೆಯಿತು. ರುಡೋಲ್ಫ್ ವಿತ್ಲಾಚಿಲ್ ಎಂಬವನ ತರಬೇತಿಯಲ್ಲಿ ಹೋದ ಚೆಕೊಸ್ಲೊವಾಕ್ ತಂಡವು ಮೊದಲ ಪಂದ್ಯದಲ್ಲಿ ಸ್ಪೇನನ್ನು 1–0ರಿಂದ ಸೋಲಿಸಿತು. ಎರಡನೆಯ ಪಂದ್ಯ ಜೂನ್ 2ರಂದು ವಿನ್ಯಾ ದೆಲ್ ಮಾರ್ ಎಂಬ ಕಡಲತೀರದ ಊರಿನಲ್ಲಿ, ವಿಶ್ವವಿಜೇತ ಬ್ರೆಜಿಲಿನೊಡನೆ. ಆಟದ ನಡುವೆ ಪೆಲೆಯ ತೊಡೆಯ ಸ್ನಾಯು ಹರಿಯಿತು. ಗಾಯಗೊಂಡವನ ಬದಲಿಗೆ ಇನ್ನೊಬ್ಬನನ್ನು ಇಳಿಸಲು ಅಂದಿನ ನಿಯಮದಲ್ಲಿ ಅವಕಾಶವಿರಲಿಲ್ಲ. ಆದುದರಿಂದ ಪೆಲೆ ಕುಂಟುತ್ತಲೇ ಮೈದಾನದ ಅಂಚಿನಲ್ಲಿ ಉಳಿದನು. ಲೋಕದ ಅತ್ಯಂತ ಅಪಾಯಕಾರಿ ಆಟಗಾರನು ಅಸಹಾಯನಾಗಿ ನಿಂತಿದ್ದಾನೆ. ಆತನ ಕಾಲಿಗೆ ಚೆಂಡು ಬಂದಾಗ ಮೇಲೆ ಬಿದ್ದು ಕಸಿದುಕೊಳ್ಳುವುದು ನಿಯಮಕ್ಕೆ ವಿರೋಧವೇನೂ ಅಲ್ಲ. ಆದರೆ ಮಾಸೊಪುಸ್ತ್, ಪೊಪ್ಲುಹಾರ್, ಲಾಲಾ ಇವರು ಹಾಗೆ ಮಾಡಲಿಲ್ಲ. ಚೆಂಡು ಪೆಲೆಯ ಬಳಿಗೆ ಬಂದಾಗ ಅವರು ತುಸು ದೂರ ನಿಂತು, ಅವನು ಅದನ್ನು ಬೇರೆಯವರಿಗೆ ಕೊಡುವವರೆಗೆ ಕಾಯ್ದರು. ಪಂದ್ಯ 0–0 ಸಮವಾಯಿತು. ಪೆಲೆ ಈ ಸೌಜನ್ಯವನ್ನು ಮುಂದೆ ಎಷ್ಟೋ ವರ್ಷಗಳವರೆಗೆ ಕೃತಜ್ಞತೆಯಿಂದ ನೆನೆದನು. ಗೆಲ್ಲಲು ಬಂದವರು ಗೆಲುವಿಗಿಂತ ದೊಡ್ಡದೊಂದನ್ನು ಆ ಗಳಿಗೆಯಲ್ಲಿ ಕಂಡರು. ಯುದ್ಧಧರ್ಮದಲ್ಲಿ ಆಯುಧ ಕಳೆದುಕೊಂಡವನ ಮೇಲೆ ಕೈ ಮಾಡಬಾರದೆಂಬ ಮಾತನ್ನು ಕೇಳಿ ಬೆಳೆದ ನಮಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ.

ಮುಂದೆ ಈ ತಂಡ ಮೆಕ್ಸಿಕೊಗೆ ಸೋತರೂ ಎಂಟರ ಸುತ್ತಿಗೆ ಬಂದಿತು. ಅಲ್ಲಿ ಹಂಗೇರಿಯನ್ನು 1–0ರಿಂದಲೂ, ಉಪಾಂತ್ಯದಲ್ಲಿ ಯುಗೊಸ್ಲಾವಿಯಾವನ್ನು 3–1ರಿಂದಲೂ ಸೋಲಿಸಿತು. ಜೂನ್ 17ರಂದು ಸಾಂತಿಯಾಗೊ ನಗರದಲ್ಲಿ ಅಂತಿಮ ಪಂದ್ಯ. ಎದುರಾಳಿ ಮತ್ತೆ ಬ್ರೆಜಿಲ್. ಹದಿನೈದನೆಯ ನಿಮಿಷದಲ್ಲಿ ಶೆರೆರ್ ಎಂಬ ಜೊತೆಗಾರನು ಎದುರಾಳಿಗಳ ಸಾಲಿನ ಸಂದಿಯಲ್ಲಿ ಚೆಂಡನ್ನು ತೂರಿದನು. ನಡುಗಣದಿಂದ ಯಾರ ಗಮನಕ್ಕೂ ಬೀಳದಂತೆ ಓಡಿಬಂದ ಮಾಸೊಪುಸ್ತ್ ಅದನ್ನು ಎಡಗಾಲಿನಿಂದ ಬಲೆಗೆ ಸೇರಿಸಿದನು. ಜೀವನವೆಲ್ಲ ಇತರರಿಗೆ ಚೆಂಡು ಕೊಟ್ಟವನಿಗೆ ಅತಿ ದೊಡ್ಡ ಪಂದ್ಯದಲ್ಲಿ ಇನ್ನೊಬ್ಬನು ಚೆಂಡು ಕೊಟ್ಟನು! ಆದರೆ ಆ ಸಂತೋಷದ ಆಯುಸ್ಸು ಎರಡೇ ನಿಮಿಷ. ಪೆಲೆಯ ಸ್ಥಾನದಲ್ಲಿ ಆಡುತ್ತಿದ್ದ ಅಮಾರಿಲ್ಡೊ ಸಮ ಮಾಡಿದನು. ಎರಡನೆಯ ಅರ್ಧದಲ್ಲಿ ಝಿಟೊ, ವಾವಾ ಒಂದೊಂದು ಗೋಲು ಹೊಡೆದು ಬ್ರೆಜಿಲಿಗೆ 3–1ರ ಜಯವನ್ನು ತಂದರು. ಅಲ್ಲಿಯವರೆಗೆ ತಂಡವನ್ನು ಕಾಪಾಡಿಕೊಂಡು ಬಂದಿದ್ದ ಗೋಲ್‌ಕೀಪರ್ ಶ್ರೋಯ್ಫನ ಕೈಯಿಂದ ಜಾರಿದ ಚೆಂಡೇ ಮೂರನೆಯ ಗೋಲಿಗೆ ಕಾರಣವಾದುದು ವಿಧಿಯ ವಿಲಾಸ.

ಅದೇ ವರ್ಷದ ಕೊನೆಯಲ್ಲಿ ಫ್ರಾನ್ಸಿನ ಕ್ರೀಡಾಪತ್ರಿಕೆಯೊಂದು ಯುರೋಪಿನ ಅತ್ಯುತ್ತಮ ಆಟಗಾರನಿಗೆ ಕೊಡುವ 'ಚಿನ್ನದ ಚೆಂಡು' ಮಾಸೊಪುಸ್ತನ ಪಾಲಿಗೆ ಬಂದಿತು. ನಾನಾ ದೇಶಗಳ ಪತ್ರಕರ್ತರು ಕೊಟ್ಟ ಅಂಕಗಳಲ್ಲಿ ಆತನಿಗೆ 65, ಎರಡನೆಯವನಾದ ಪೋರ್ತುಗಲ್ಲಿನ ಯುಸೇಬಿಯೊಗೆ 53. 1956ರಲ್ಲಿ ಈ ಪ್ರಶಸ್ತಿ ಆರಂಭವಾದಂದಿನಿಂದ ಅದನ್ನು ಪಡೆದವರು ಬಹುಮಟ್ಟಿಗೆ ದಾಳಿಯ ಸಾಲಿನವರು. ಪೂರ್ವ ಯುರೋಪಿನವರಿಗೆ ಅದು ದೊರೆತುದು ಇದೇ ಮೊದಲು. ಪ್ರಶಸ್ತಿಯನ್ನು ಒಪ್ಪಿಸಿದುದು 1963ರಲ್ಲಿ ಪ್ರಾಗಿನಲ್ಲಿ, ಯುಸೇಬಿಯೊನ ಬೆನ್ಫಿಕಾ ತಂಡದೊಡನೆ ನಡೆದ ಪಂದ್ಯಕ್ಕೆ ಮೊದಲು. ದೊಡ್ಡ ಸಮಾರಂಭವಿಲ್ಲ, ಔತಣವಿಲ್ಲ. ಯುಸೇಬಿಯೊ ಕೈಕುಲುಕಿದನು, ಪಂದ್ಯ ಮುಗಿದ ಮೇಲೆ ಚಿನ್ನದ ಚೆಂಡನ್ನು ಚೀಲದಲ್ಲಿಟ್ಟುಕೊಂಡು ಟ್ರಾಮ್ ಹತ್ತಿ ಮನೆಗೆ ಹೋದೆನೆಂದು ಮಾಸೊಪುಸ್ತನೇ ಮುಂದೆ ಹೇಳಿಕೊಂಡಿದ್ದಾನೆ. ಇಂದಿನ ಆಟಗಾರರ ಕೋಟಿಗಳ ಲೆಕ್ಕವನ್ನು ಓದುವ ನಮಗೆ ಇದು ಕತೆಯಂತೆ ತೋರಬಹುದು. ಚೆಕ್ಕರಲ್ಲಿ ಇನ್ನೊಬ್ಬನಿಗೆ ಈ ಪ್ರಶಸ್ತಿ ದೊರೆತುದು 41 ವರ್ಷಗಳ ಅನಂತರ, 2003ರಲ್ಲಿ. ಅವನು ಪಾವೆಲ್ ನೆದ್ವೆದ್, ಅವನೂ ನಡುಗಣದ ಆಟಗಾರನೆ.

ಡೂಕ್ಲಾ ತಂಡವು 1967ರಲ್ಲಿ ಯುರೋಪಿಯನ್ ಕಪ್ಪಿನ ಉಪಾಂತ್ಯದವರೆಗೆ ಹೋಗಿ, ಆ ವರ್ಷ ಕಪ್ ಗೆದ್ದ ಸ್ಕಾಟ್ಲೆಂಡಿನ ಸೆಲ್ಟಿಕ್ ತಂಡಕ್ಕೆ ಸೋತಿತು. ಆಗ ಮಾಸೊಪುಸ್ತನಿಗೆ ಮೂವತ್ತಾರು ವರ್ಷ. ಆ ಕಾಲದಲ್ಲಿ ಚೆಕೊಸ್ಲೊವಾಕ್ ಆಟಗಾರರು ತಮ್ಮ ಇಚ್ಛೆಯಂತೆ ಹೊರದೇಶದ ಕ್ಲಬ್ಬುಗಳಿಗೆ ಹೋಗುವಂತಿರಲಿಲ್ಲ. ಪ್ರಾಯ ಕಳೆದ ಮೇಲೆಯೇ ಕೆಲವರಿಗೆ ಅನುಮತಿ ಸಿಗುತ್ತಿತ್ತು. 1968ರಲ್ಲಿ, ಮೂವತ್ತೇಳರ ವಯಸ್ಸಿನಲ್ಲಿ, ಮಾಸೊಪುಸ್ತ್ ಬೆಲ್ಜಿಯಮ್ಮಿನ ಕ್ರಾಸಿಂಗ್ ಮೋಲೆನ್‌ಬೀಕ್ ಎಂಬ ಕ್ಲಬ್ಬಿಗೆ ಹೋದನು. ಅದೇ ವರ್ಷ ಆಗಸ್ಟಿನಲ್ಲಿ ವಾರ್ಸಾ ಒಕ್ಕೂಟದ ಸೈನ್ಯಗಳು ಆತನ ತಾಯ್ನಾಡಿಗೆ ನುಗ್ಗಿದುವು. ಅನೇಕರು ದೇಶ ಬಿಟ್ಟು ಮರಳಲಿಲ್ಲ. ಮಾಸೊಪುಸ್ತ್ ಬೆಲ್ಜಿಯಮ್ಮಿನ ಆಟ ಮುಗಿಸಿ ಮನೆಗೆ ಮರಳಿದನು.

ಇಲ್ಲಿಗೆ ಆಟದ ಅಧ್ಯಾಯ ಮುಗಿದು ಪಾಠದ ಅಧ್ಯಾಯ ಆರಂಭವಾಗುತ್ತದೆ. 1973ರಲ್ಲಿ ಆತನು ತನ್ನ ಹಳೆಯ ಡೂಕ್ಲಾ ತಂಡಕ್ಕೇ ತರಬೇತುದಾರನಾದನು. ಹೆಸರಿದ್ದಿತು, ಅನುಭವವಿದ್ದಿತು, ಎಂಟು ಸಲ ಪ್ರಶಸ್ತಿ ಪಡೆದ ಅದೇ ಮೈದಾನವಿದ್ದಿತು. ಆದರೂ 1976ರಲ್ಲಿ ಬಿಡುವವರೆಗೆ ಲೀಗ್ ಪ್ರಶಸ್ತಿ ಬರಲಿಲ್ಲ. ಆತನು ಬಿಟ್ಟ ಮರುವರ್ಷವೇ, 1977ರಲ್ಲಿ, ಡೂಕ್ಲಾ ಮತ್ತೆ ಚಾಂಪಿಯನ್ ಆಯಿತು. ಬಲ್ಲವನೆಲ್ಲ ಗುರುವಾಗಲಾರನೆಂದು ಆಡಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿರಲಿಲ್ಲ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. 1976ರಲ್ಲಿ ಆತನು ಬರ್ನೊ ನಗರದ ಝ್ಬ್ರೊಯೊವ್ಕಾ ಕ್ಲಬ್ಬಿಗೆ ಹೋದನು. ಬರ್ನೊ ಮೊರಾವಿಯಾ ಪ್ರಾಂತದ ಮುಖ್ಯ ನಗರ. ಕ್ಲಬ್ಬಿನ ಹೆಸರು ಅಲ್ಲಿನ ಶಸ್ತ್ರಾಸ್ತ್ರ ಕಾರ್ಖಾನೆಯದು. ನಮ್ಮ ಸೈನ್ಯದಲ್ಲಿಯೂ ಬಳಕೆಯಲ್ಲಿದ್ದ 'ಬ್ರೆನ್' ಬಂದೂಕಿನ ಮೂಲ ಮಾದರಿ ಈ ಕಾರ್ಖಾನೆಯದೇ. ಬರ್ನೊ ಹೆಸರಿನ ಮೊದಲಕ್ಷರಗಳನ್ನೂ ಇಂಗ್ಲೆಂಡಿನ ಎನ್‌ಫೀಲ್ಡ್ ಹೆಸರಿನ ಮೊದಲಕ್ಷರಗಳನ್ನೂ ಕೂಡಿಸಿ ಆ ಹೆಸರನ್ನು ಮಾಡಿದರು. ಇಂತಹ ನಗರದ ಕ್ಲಬ್ಬಿಗೆ ಅದುವರೆಗೆ ಲೀಗ್ ಪ್ರಶಸ್ತಿ ಒಮ್ಮೆಯೂ ದೊರೆತಿರಲಿಲ್ಲ. ಅಲ್ಲಿ ಕಾರೆಲ್ ಕ್ರೌಪಾ ಎಂಬ ಸ್ಥಳೀಯ ದಾಳಿಗಾರನಿದ್ದನು. 1977ರಲ್ಲಿ ದೇಶದ ವರ್ಷದ ಆಟಗಾರನೆಂದು ಆರಿಸಲ್ಪಟ್ಟವನು. ಮಾಸೊಪುಸ್ತನ ಕೈಕೆಳಗೆ ಈ ತಂಡ 1978ರಲ್ಲಿ ಚಾಂಪಿಯನ್ ಆಯಿತು. ಚೆಕೊಸ್ಲೊವಾಕಿಯಾ ದೇಶ ಇರುವವರೆಗೆ ಆ ಕ್ಲಬ್ಬಿಗೆ ದೊರೆತ ಲೀಗ್ ಪ್ರಶಸ್ತಿ ಅದೊಂದೆ. 1979ರಲ್ಲಿ ಮೂರನೆಯ ಸ್ಥಾನ, 1980ರಲ್ಲಿ ಎರಡನೆಯ ಸ್ಥಾನ. ಯುಇಎಫ್‌ಎ ಕಪ್ಪಿನಲ್ಲಿ ಎಂಟರ ಸುತ್ತು. ಒಂದು ವರ್ಷದ ಅದೃಷ್ಟವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಸೈನ್ಯತಂಡದ ಅನುಕೂಲವಿಲ್ಲದೆಯೂ ಆತನು ಗೆಲ್ಲಬಲ್ಲನೆಂಬುದು ಬರ್ನೊದಲ್ಲಿ ಸಿದ್ಧವಾಯಿತು. ಡೂಕ್ಲಾವನ್ನು ನೋಡಿ ಮುಖ ತಿರುಗಿಸುತ್ತಿದ್ದವರೂ ಈ ಗೆಲುವನ್ನು ಅಲ್ಲಗಳೆಯುವಂತಿರಲಿಲ್ಲ.

ಬಳಿಕ ಬೆಲ್ಜಿಯಮ್ಮಿನ ಹಾಸೆಲ್ಟ್ ಕ್ಲಬ್ಬಿನಲ್ಲಿ ಕೆಲವು ವರ್ಷ ದುಡಿದು, 1984ರಲ್ಲಿ ತನ್ನ ದೇಶದ ತಂಡಕ್ಕೇ ತರಬೇತುದಾರನಾದನು. ಹಿಂದೆ 1976ರಲ್ಲಿ ಯುರೋಪಿನ ಪ್ರಶಸ್ತಿಯನ್ನೂ 1980ರಲ್ಲಿ ಮೂರನೆಯ ಸ್ಥಾನವನ್ನೂ ಪಡೆದಿದ್ದ ತಂಡವದು. ಜನರ ನಿರೀಕ್ಷೆ ದೊಡ್ಡದು. ಆದರೆ 1986ರ ವಿಶ್ವ ಕಪ್ಪಿಗೆ ಆ ಗುಂಪಿನಿಂದ ಪಶ್ಚಿಮ ಜರ್ಮನಿ ಮತ್ತು ಪೋರ್ತುಗಲ್ ಹೋದುವು. 1988ರ ಯುರೋಪಿಯನ್ ಪಂದ್ಯಾವಳಿಗೆ ಡೆನ್ಮಾರ್ಕ್ ಹೋಯಿತು. ಎರಡರಲ್ಲಿಯೂ ಚೆಕೊಸ್ಲೊವಾಕಿಯಾಗೆ ಸ್ಥಾನ ದೊರೆಯಲಿಲ್ಲ. 1987ಕ್ಕೆ ಆತನ ಅವಧಿ ಮುಗಿಯಿತು.

ಒಬ್ಬನೇ ಗುರು, ಅದೇ ವಿದ್ಯೆ. ಬರ್ನೊದಲ್ಲಿ ಫಲಿಸಿದುದು ದೇಶದ ತಂಡದಲ್ಲಿ ಏಕೆ ಫಲಿಸಲಿಲ್ಲ? ಲೇಖಕನಿಗೆ ತೋರುವ ಕಾರಣ ಹೀಗಿದೆ. ಕ್ಲಬ್ಬಿನ ತರಬೇತುದಾರನು ಅವೇ ಹುಡುಗರನ್ನು ದಿನವೂ ಬೆಳಗ್ಗೆ ನೋಡುತ್ತಾನೆ. ಯಾರ ಬಲವೇನು, ಯಾರ ಕೊರತೆಯೇನು, ಯಾರಿಗೆ ಗದರಿಕೆ ಹಿಡಿಸುತ್ತದೆ, ಯಾರಿಗೆ ಒಂದು ಒಳ್ಳೆಯ ಮಾತು ಸಾಕು ಎಂಬುದು ವರ್ಷಗಟ್ಟಲೆಯ ಒಡನಾಟದಲ್ಲಿ ತಿಳಿಯುತ್ತದೆ. ದೇಶದ ತಂಡದವರು ಬೇರೆ ಬೇರೆ ಕ್ಲಬ್ಬುಗಳಿಂದ ಪಂದ್ಯಕ್ಕೆ ಕೆಲವೇ ದಿನ ಮುಂಚೆ ಬಂದು ಸೇರುತ್ತಾರೆ, ಪಂದ್ಯ ಮುಗಿದೊಡನೆ ಚದರುತ್ತಾರೆ. ಅಲ್ಲಿ ಆರಿಸುವ ಕೆಲಸ ಹೆಚ್ಚು, ಬೆಳೆಸುವ ಕೆಲಸ ಕಡಿಮೆ. ನಡುಗಣದ ಆಟಗಾರನ ವಿದ್ಯೆಯೆಲ್ಲ ಜೊತೆಗಾರರ ಹೆಜ್ಜೆಯನ್ನು ಅರಿಯುವುದರಲ್ಲಿದೆ. ಅರಿಯಲು ಕಾಲಾವಕಾಶ ಬೇಕು. ಬರ್ನೊದಲ್ಲಿ ಆ ಅವಕಾಶ ನಾಲ್ಕು ವರ್ಷ ದೊರೆಯಿತು. ಡೂಕ್ಲಾದಲ್ಲಿ ಅವಕಾಶವಿದ್ದೂ ಫಲಿಸಲಿಲ್ಲವಲ್ಲ ಎಂದರೆ, ಮೊದಲ ಸಲ ಪಾಠ ಹೇಳುವವನಿಗೆ ತಾನು ಕಲಿಸುವುದನ್ನು ಕಲಿಯುವುದಕ್ಕೂ ಕೆಲವು ವರ್ಷ ಬೇಕಾಗುತ್ತದೆಂದು ಉತ್ತರ ಹೇಳಬಹುದು.

ಇನ್ನೊಂದು ಮಾತು. ಮಾಸೊಪುಸ್ತನ ಸ್ಲಾಲಮ್ಮನ್ನು ಯಾರೂ ಯಾರಿಗೂ ಕಲಿಸಲಾರರು. ಅದು ಆತನ ಮೈಯೊಡನೆ ಹುಟ್ಟಿ ಮೈಯೊಡನೆ ಹೋಯಿತು. ಚೆಂಡು ಬರುವ ಮುನ್ನ ತಲೆಯೆತ್ತಿ ನೋಡುವುದು, ತನಗಿಂತ ಒಳ್ಳೆಯ ಜಾಗದಲ್ಲಿರುವವನಿಗೆ ಬಿಟ್ಟುಕೊಡುವುದು, ಬಿಟ್ಟುಕೊಟ್ಟ ಮೇಲೆ ಸುಮ್ಮನೆ ನಿಲ್ಲದೆ ಮತ್ತೆ ಓಡುವುದು — ಇವುಗಳನ್ನು ಕಲಿಸಬಹುದು. ಪ್ರತಿಯೊಂದು ವಿದ್ಯೆಯಲ್ಲಿಯೂ ಹೀಗೆ ಎರಡು ಭಾಗಗಳಿರುತ್ತವೆ. ತನ್ನ ಪ್ರತಿಭೆಯ ಭಾಗವನ್ನೇ ಶಿಷ್ಯರಿಂದ ನಿರೀಕ್ಷಿಸುವ ಗುರು ಸಿಟ್ಟಾಗುತ್ತಾನೆ. ದಾಟಿಸಬಹುದಾದ ಭಾಗವನ್ನು ತಾಳ್ಮೆಯಿಂದ ದಾಟಿಸುವವನು ಗುರುವಾಗುತ್ತಾನೆ.

1980ರ ದಶಕದ ಕೊನೆಯಲ್ಲಿ ಆತನು ಇಂಡೊನೇಷ್ಯಕ್ಕೆ ಹೋಗಿ ಅಲ್ಲಿನ ತರುಣರಿಗೆ ತರಬೇತಿ ಕೊಟ್ಟನು. ಇಪ್ಪತ್ತನೆಯ ಶತಮಾನದ ಅತ್ಯುತ್ತಮ ಚೆಕ್ ಆಟಗಾರನೆಂದು ಆತನನ್ನು ಆರಿಸಿದರು. 2004ರಲ್ಲಿ ಪೆಲೆ ಜಗತ್ತಿನ ಶ್ರೇಷ್ಠ ಆಟಗಾರರ ಪಟ್ಟಿಯೊಂದನ್ನು ಮಾಡಿದಾಗ, ವಿನ್ಯಾ ದೆಲ್ ಮಾರಿನಲ್ಲಿ ತನ್ನ ಕುಂಟುಗಾಲಿಗೆ ದಾರಿಬಿಟ್ಟವನ ಹೆಸರೂ ಅದರಲ್ಲಿದ್ದಿತು. ಪ್ರಾಗಿನ ಯೂಲಿಸ್ಕಾ ಮೈದಾನದ ಬಳಿ ಆತನ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಹಿಂದೆ ಪ್ರೇಕ್ಷಕರಿಲ್ಲದೆ ಬರಿದಾಗಿ ಕಾಣುತ್ತಿದ್ದುದು ಇದೇ ಮೈದಾನವೆಂಬುದನ್ನು ನೆನೆದರೆ, ಜನರು ತಂಡದ ಮೇಲಣ ಮುನಿಸನ್ನು ಆಟಗಾರನ ಮೇಲೆ ಉಳಿಸಿಕೊಳ್ಳಲಿಲ್ಲವೆಂದು ಸಮಾಧಾನವಾಗುತ್ತದೆ. 2015ರ ಜೂನ್ 29ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಯೋಸೆಫ್ ಮಾಸೊಪುಸ್ತ್ ಪ್ರಾಗಿನಲ್ಲಿ ನಿಧನ ಹೊಂದಿದನು.

ಆಳಾಗಬಲ್ಲವನು ಅರಸಾಗಬಲ್ಲನೆಂದು ನಮ್ಮ ಹಿರಿಯರು ಹೇಳಿದ್ದಾರೆ. ನಡುಗಣದ ಆಟಗಾರನು ತಂಡದ ಆಳು. ಹನ್ನೊಂದು ಜನರ ಚಾಕರಿ ಮಾಡುವವನು. ಆ ಚಾಕರಿಯನ್ನು ಚೆನ್ನಾಗಿ ಮಾಡಿದವನಿಗೆ ಚಿನ್ನದ ಚೆಂಡು ತಾನಾಗಿ ಬಂದಿತು. ಆದರೆ ಗುರುವಿನ ಪೀಠ ಹಾಗೆ ತಾನಾಗಿ ಬರಲಿಲ್ಲ. ಅದಕ್ಕಾಗಿ ಆತನು ಸೋತು, ಊರು ಬದಲಿಸಿ, ಅಪರಿಚಿತ ಹುಡುಗರ ನಡುವೆ ಮೊದಲಿನಿಂದ ಆರಂಭಿಸಬೇಕಾಯಿತು. ನಾವು ಮೊದಲಿಗೆ ಎತ್ತಿಕೊಂಡ ಪ್ರಶ್ನೆಗೆ ಈ ಜೀವನವು ಕೊಡುವ ಉತ್ತರ ಇಷ್ಟು: ಬಲ್ಲವನು ಕಲಿಸಬಲ್ಲನು, ಆದರೆ ಕಲಿಸುವುದನ್ನು ಬೇರೊಂದು ವಿದ್ಯೆಯೆಂದು ಬಗೆದು ಅದನ್ನೂ ಕಲಿತರೆ ಮಾತ್ರ. ಪರೀಕ್ಷೆಯ ಅಂಕಪಟ್ಟಿಯನ್ನು ಹಿಡಿದು ಹಳ್ಳಿಯ ಶಾಲೆಗಳಿಗೆ ಹೊರಡಲಿರುವ ಮಿತ್ರರು ಇದನ್ನು ನೆನಪಿನಲ್ಲಿಡಲಿ. ನಮಗೆ ಚೆಂಡನ್ನು ಕೊಟ್ಟವರು ಹಲವರು: ದುಡಿದು ಓದಿಸಿದ ತಾಯಿತಂದೆಗಳು, ತಿದ್ದಿ ಬರೆಸಿದ ಅಧ್ಯಾಪಕರು. ಈಗ ಚೆಂಡು ನಮ್ಮ ಕಾಲಿನಲ್ಲಿದೆ. ತಲೆಯೆತ್ತಿ ನೋಡಿ, ಅದನ್ನು ಮುಂದಿನವರಿಗೆ ದಾಟಿಸುವ ಸರದಿ ನಮ್ಮದು.